ಮೆಟ್ಟಿಲಿಗೆ ಗ್ರಿಲ್, ತಾರಸಿಗೆ ಬೀಗ: ಎಲ್ಲಿಂದ ಸರಿಪಡಿಸಬೇಕು?

ಪ್ರಶ್ನೆ – ಸಂಘದ ಕಾರ್ಯದರ್ಶಿ, ಮೈಸೂರು

ನಮ್ಮದು ಕೆಳಗೆ ವಾಹನ ನಿಲುಗಡೆ, ಮೇಲೆ ಮೂರು ಅಂತಸ್ತಿನ ಹಳೆಯ ಅಪಾರ್ಟ್‌ಮೆಂಟು. ಹನ್ನೆರಡು ಮನೆಗೆ ಒಂದೇ ಮೆಟ್ಟಿಲು. ಈ ವರ್ಷ ಕಾರ್ಯದರ್ಶಿ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಮೊನ್ನೆ ಮಹಡಿಯ ಅಜ್ಜಿಯೊಬ್ಬರು ಮೊದಲ ಮೆಟ್ಟಿಲಲ್ಲೇ ಎಡವಿ ಮೊಣಕೈ ಮುರಿದುಕೊಂಡ ಮೇಲೆ, ಕೆಳಗಿನಿಂದ ಮೇಲಿನವರೆಗೆ ಕಣ್ಣು ಬಿಟ್ಟು ನೋಡಿಕೊಂಡು ಬಂದೆ.

ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹನ್ನೆರಡೂ ಮನೆಗಳ ಮೀಟರ್ ಬೋರ್ಡು. ಅದರ ಕೆಳಗೆ ಹಳೆಯ ಹಾಸಿಗೆ, ಬಣ್ಣದ ಡಬ್ಬಿ, ಯಾರದ್ದೋ ಮಗುವಿನ ತೊಟ್ಟಿಲು. ಪಕ್ಕದಲ್ಲೇ ವಯರು ಎಳೆದು ಎರಡು ವಿದ್ಯುತ್ ಸ್ಕೂಟರುಗಳ ಚಾರ್ಜಿಂಗ್. ಎರಡನೆಯ ಅಂತಸ್ತಿನವರು ಲ್ಯಾಂಡಿಂಗಿಗೆ ಅಡ್ಡವಾಗಿ ಕಬ್ಬಿಣದ ಗ್ರಿಲ್ ಹಾಕಿಸಿಕೊಂಡು, ಅರ್ಧ ಜಾಗದಲ್ಲಿ ಚಪ್ಪಲಿ ಗೂಡು ಇಟ್ಟಿದ್ದಾರೆ. ರಾತ್ರಿ ಅದಕ್ಕೆ ಬೀಗ. ಮೂರನೆಯವರು ಇಳಿಯಬೇಕಾದರೆ ಎರಡನೆಯವರ ಕರೆಗಂಟೆ ಒತ್ತಬೇಕು! ತಾರಸಿಯ ಬಾಗಿಲಿಗೂ ಬೀಗ, ಕೀಲಿಕೈ ಕಾವಲುಗಾರನ ಹತ್ತಿರ. ಅವನು ಹತ್ತು ಗಂಟೆಗೆ ಕೆಳಗಿನ ಕೊಲಾಪ್ಸಿಬಲ್ ಗೇಟು ಎಳೆದು ಬೀಗ ಹಾಕಿ ಮಲಗುತ್ತಾನೆ.

ಸಂಘದ ಹಣ ಕಡಿಮೆ, ಬಾಯಿ ಜಾಸ್ತಿ. ಮೊದಲು ಯಾವುದಕ್ಕೆ ಕೈ ಹಾಕಲಿ?

ಉತ್ತರ – ಅಗ್ನಿಶಾಮಕ ಇಲಾಖೆಯಿಂದ ನಿವೃತ್ತ

ತಂಗೀ, ಮೊದಲು ಮೀಟರ್ ಬೋರ್ಡಿನ ಕೆಳಗಿರುವುದನ್ನೆಲ್ಲ ಹೊರಗೆ ಹಾಕಿಸು. ಇವತ್ತೇ. ಅದಕ್ಕೆ ಸಭೆಯೂ ಬೇಡ, ಹಣವೂ ಬೇಡ.

ಜನ ಬೆಂಕಿಗೆ ಹೆದರುತ್ತಾರೆ, ಕೊಲ್ಲುವುದು ಹೊಗೆ. ಒಂದೇ ಮೆಟ್ಟಿಲಿನ ಕಟ್ಟಡದಲ್ಲಿ ಬುಡಕ್ಕೆ ಬೆಂಕಿ ಬಿದ್ದರೆ ಆ ಮೆಟ್ಟಿಲೇ ಚಿಮಣಿ. ಹೈದರಾಬಾದಿನ ಗುಲ್ಜಾರ್ ಹೌಸ್ ಬಳಿ 2025ರ ಮೇ 18ರ ಬೆಳಿಗ್ಗೆ 17 ಜನ ಸತ್ತರಲ್ಲ, ಬೆಂಕಿ ಹೊತ್ತಿದ್ದು ಕೆಳಗೆ, ಮನೆಯವರು ಇದ್ದದ್ದು ಮೇಲೆ, ಇಳಿಯಲು ಒಂದೇ ಇಕ್ಕಟ್ಟಿನ ಮೆಟ್ಟಿಲು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಮಂದಿ ಹೋದರು. ಅಲ್ಲಿಯೂ ಹೊಗೆಯೇ, ತುರ್ತು ದಾರಿಗಳು ಮುಚ್ಚಿದ್ದವು, ಉಸಿರು ಕಟ್ಟಿದವರು ಗಾಜು ಒಡೆದು ಕೆಳಗೆ ಹಾರಿದರು.

ಆಮೇಲೆ ಸ್ಕೂಟರುಗಳು. ಚಾರ್ಜಿಂಗ್ ಜಾಗವನ್ನು ಮೆಟ್ಟಿಲಿನಿಂದ ದೂರ, ಕಾಂಪೌಂಡಿನ ಗೋಡೆಯ ಕಡೆಗೆ ಒಯ್ಯಿರಿ. ಪ್ರತ್ಯೇಕ ಲೈನು, ಅದಕ್ಕೆ ಸರಿಯಾದ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ವಿದ್ಯುತ್ ಕಡಿಯುವ ಸ್ವಿಚ್ಚು). ಸಿಕಂದರಾಬಾದಿನ ಹೋಟೆಲೊಂದರಲ್ಲಿ 2022ರ ಸೆಪ್ಟೆಂಬರಿನಲ್ಲಿ ಎಂಟು ಜನ ಸತ್ತದ್ದು ಕೆಳಗಿದ್ದ ವಿದ್ಯುತ್ ಸ್ಕೂಟರ್ ಮಳಿಗೆಯ ಬೆಂಕಿಯಿಂದ. ವಯರುಗಳು ಅಂತಸ್ತಿನಿಂದ ಅಂತಸ್ತಿಗೆ ಏರುವ ಡಕ್ಟಿನ ಬಾಗಿಲನ್ನೂ ತೆಗೆದು ನೋಡಿ. ಚಪ್ಪಡಿಯಲ್ಲಿ ತೂತು ಹಾಗೆಯೇ ಬಿಟ್ಟಿದ್ದರೆ ಹೊಗೆ ಅಲ್ಲಿಂದಲೂ ಏರುತ್ತದೆ; ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಿಸಬೇಕು. ಥರ್ಮೋಕೋಲ್ ತುರುಕಿದ ಮಹಾನುಭಾವರನ್ನೂ ನಾನು ನೋಡಿದ್ದೇನೆ.

ಉತ್ತರ – ಸಿವಿಲ್ ಎಂಜಿನಿಯರ್, ದಾವಣಗೆರೆ

ಆ ಅಜ್ಜಿ ಎಡವಿದ್ದು ಮೊದಲ ಮೆಟ್ಟಿಲಲ್ಲಿ ಎಂದಿದ್ದೀರಿ. ಕೆಳಗಿನ ನೆಲಕ್ಕೆ ಈಚೆಗೆ ಗ್ರಾನೈಟ್ ಹಾಸಿದ್ದೀರಾ? ಟೇಪು ಹಿಡಿದು ಪ್ರತಿ ಮೆಟ್ಟಿಲ ಎತ್ತರ ಅಳೆಯಿರಿ. ಗಾರೆ, ಕಲ್ಲು ಸೇರಿ ನೆಲ ಐದು ಸೆಂಟಿಮೀಟರ್ ಏರಿದರೆ, ಮೊದಲ ಮೆಟ್ಟಿಲು ಅಷ್ಟೇ ಗಿಡ್ಡವಾಗುತ್ತದೆ. ಕಾಲು ಕಣ್ಣನ್ನು ಕೇಳುವುದಿಲ್ಲ, ಹಿಂದಿನ ಮೆಟ್ಟಿಲ ಲೆಕ್ಕದಲ್ಲೇ ಮುಂದಕ್ಕೆ ಬೀಳುತ್ತದೆ. ಇಳಿಯುವವರಿಗೆ ನೆಲ ಬೇಗ ಸಿಕ್ಕಿ ಮುಗ್ಗರಿಸುತ್ತಾರೆ.

ಮೆಟ್ಟಿಲ ಮುಂದಷ್ಟೇ ಗ್ರಾನೈಟ್ ಕಿತ್ತರೆ ಅದು ಇನ್ನೊಂದು ಎಡವುವ ಜಾಗ. ವ್ಯತ್ಯಾಸವನ್ನು ಇಡೀ ಸಾಲಿಗೆ ಹಂಚಬೇಕು. ನೆಲದಿಂದ ಲ್ಯಾಂಡಿಂಗಿಗೆ ಹತ್ತು ಏರು (ಹತ್ತನೆಯದು ಲ್ಯಾಂಡಿಂಗೇ) ಇದ್ದರೆ ಮೊದಲ ಮೆಟ್ಟಿಲಿಗೆ ನಾಲ್ಕೂವರೆ ಸೆಂಟಿಮೀಟರ್ ಏರಿಸಿ, ಎರಡನೆಯದಕ್ಕೆ ನಾಲ್ಕು, ಹೀಗೆ ಒಂಬತ್ತನೆಯದಕ್ಕೆ ಅರ್ಧ. ಮೇಲಿನವಕ್ಕೆ ಅಷ್ಟು ಕಡಿಮೆ ದಪ್ಪದಲ್ಲಿ ಕಲ್ಲು ಹಿಡಿಯುವುದಿಲ್ಲ, ತೆಳುವಾಗಿಯೂ ಅಂಟುವ ಪಾಲಿಮರ್ ಗಾರೆ ಬೇಕು. ಮೇಸ್ತ್ರಿ ಕಣ್ಣಳತೆಯಲ್ಲಿ ಮಾಡುತ್ತೇನೆ ಎಂದರೆ ಒಪ್ಪಬೇಡಿ. ಮೆಟ್ಟಿಲು ಏರಿದಷ್ಟು ರೇಲಿಂಗು ತಗ್ಗುತ್ತದೆ; ಅದು ಒಂದು ಮೀಟರಿಗಿಂತ ಕಡಿಮೆಯಾಗದಂತೆ ಎತ್ತರಿಸಿ.

ಇನ್ನು ಗ್ರಿಲ್. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಅಡಿ ನೋಂದಣಿಯಾಗಿದ್ದರೆ, ಮೆಟ್ಟಿಲು, ಪಡಸಾಲೆ, ಬರುಹೋಗುವ ದಾರಿ ಎಲ್ಲವೂ ಸಾಮಾನ್ಯ ಸ್ವತ್ತು ಎಂದು ಮೂರನೆಯ ಕಲಮೇ ಹೇಳುತ್ತದೆ. ಎಲ್ಲರದ್ದಾದ ಜಾಗಕ್ಕೆ ಒಬ್ಬರ ಬೀಗ ಹೇಗೆ ಬಂತು ಎಂದು ಕೇಳಿ. ಬಾಯಿಮಾತಿನಲ್ಲಿ ಬೇಡ, ಸಭೆಯ ನಡಾವಳಿಯಲ್ಲಿ ಬರೆಸಿ ನೋಟಿಸು ಕೊಡಿ.

ಉತ್ತರ – ಬಾಡಿಗೆದಾರ, ಮೈಸೂರು

ಗ್ರಿಲ್‌ನ ಬೀಗ ಹೋಗಲಿ, ಆದರೆ ತಾರಸಿಯ ಬೀಗವನ್ನೂ ತೆಗೆಯಿರಿ ಎನ್ನುವುದಾದರೆ, ಎಂಜಿನಿಯರರಿಗೆ ಮೈಸೂರಿನ ಕೋತಿಗಳ ಪರಿಚಯವಿಲ್ಲ. ನಮ್ಮಲ್ಲಿ ತಾರಸಿಯ ಬೀಗ ತೆಗೆದ ವಾರದಲ್ಲೇ ಅವು ಮೆಟ್ಟಿಲಿಳಿದು ಬಂದು ಅಡುಗೆಮನೆಯ ಬಾಳೆಗೊನೆ ಹೊತ್ತೊಯ್ದವು. ಕಳ್ಳರ ಕಥೆ ಬೇರೆ. ಬೀಗ ಇರಲಿ, ಕೀಲಿಕೈಯನ್ನು ಗಾಜಿನ ಪೆಟ್ಟಿಗೆಯಲ್ಲಿ ಪಕ್ಕದಲ್ಲೇ ನೇತುಹಾಕಿದರೆ ಸಾಲದೇ?

ಉತ್ತರ – ಅಗ್ನಿಶಾಮಕ ಇಲಾಖೆಯಿಂದ ನಿವೃತ್ತ

ಸಾಲದು. ದೀಪ ಆರಿದೆ, ಹೊಗೆಗೆ ಕಣ್ಣು ಉರಿಯುತ್ತಿದೆ, ಹಿಂದೆ ಹತ್ತು ಜನ ನೂಕುತ್ತಿದ್ದಾರೆ. ಆಗ ನೀವು ಗಾಜು ಒಡೆದು, ಬಿದ್ದ ಕೀಲಿಕೈ ಹುಡುಕಿ, ಬೀಗದ ತೂತು ತಡಕುತ್ತೀರಾ? ಹೊರಹೋಗುವ ಬಾಗಿಲು ಒಳಗಿನವರಿಗೆ ಕೀಲಿಕೈ ಇಲ್ಲದೆ ತೆರೆಯಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಬರೆದದ್ದು ಇದಕ್ಕೇ.

ಕೋತಿಗೆ ಮದ್ದಿದೆ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊರಗಡೆ ಹಿಡಿಯೇ ಇರಬಾರದು, ಒಳಗಡೆ ತಳ್ಳಿದರೆ ತೆರೆಯುವ ಅಡ್ಡಪಟ್ಟಿ, ತೆರೆದೊಡನೆ ಕೂಗುವ ಅಲಾರಂ. ಕೆಳಗಿನ ಗೇಟಿಗೂ ಒಳಗಿನಿಂದ ಕೈಯಲ್ಲೇ ತೆರೆಯುವ ಅಗುಳಿ. ಹೊರಗಿನಿಂದ ಕೈ ತೂರದಂತೆ ಅದರ ಸುತ್ತ ತಗಡು ಹೊದಿಸಿದರೆ ಕಳ್ಳನಿಗೂ ಸಿಗುವುದಿಲ್ಲ. ಒಂದು ಎಚ್ಚರಿಕೆ: ಬಾಗಿಲು ತೆರೆದಿದೆ ಎಂದು ಮೆಟ್ಟಿಲಲ್ಲಿ ಹೊಗೆ ತುಂಬಿದಾಗ ಅದರೊಳಗೆ ನುಗ್ಗಬೇಡಿ. ಮನೆಯ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಒತ್ತಿ, ಬಾಲ್ಕನಿಗೆ ಹೋಗಿ 112ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವರಿಂದ

ಹಾಸಿಗೆ, ಡಬ್ಬಿ ಹೊರಬಿದ್ದವು. ತೊಟ್ಟಿಲಿಗೆ ವಾರಸುದಾರರು ಸಿಕ್ಕಿದ್ದಾರೆ, ಸಿಟ್ಟಿನಲ್ಲಿದ್ದಾರೆ. ಟೇಪು ಹಿಡಿದೆ: ಮೊದಲ ಮೆಟ್ಟಿಲು 12 ಸೆಂಟಿಮೀಟರ್, ಉಳಿದವು 17. ಗ್ರಿಲ್‌ನವರು ಮಾತ್ರ "ಕತ್ತರಿಸುವ ಖರ್ಚು ಸಂಘ ಕೊಡಲಿ" ಎನ್ನುತ್ತಿದ್ದಾರೆ. ಕೊಡಬೇಕೇ?

ಉತ್ತರ – ಸಿವಿಲ್ ಎಂಜಿನಿಯರ್, ದಾವಣಗೆರೆ

ನ್ಯಾಯವಾಗಿ ಹಾಕಿಸಿದವರದೇ ಖರ್ಚು. ಆದರೆ ವೆಲ್ಡರನ ಅರ್ಧ ದಿನದ ಕೂಲಿಗಾಗಿ ಆರು ತಿಂಗಳು ಜಗಳವಾಡುವುದಕ್ಕಿಂತ, ಸಂಘದಿಂದಲೇ ಕೊಟ್ಟು ಈ ಭಾನುವಾರ ಕತ್ತರಿಸಿಬಿಡಿ. ಕಬ್ಬಿಣವನ್ನು ಅವರಿಗೇ ಕೊಡಿ, ಗುಜರಿಗೆ ಹಾಕಿಕೊಳ್ಳಲಿ.