ಸತ್ತವರೂ ಪೊಲೀಸರು, ವಿಚಾರಣೆಯೂ ಪೊಲೀಸರದ್ದೇ?

ಗುಂಪು: ಹೊಸಮನೆ ಬಳಗ
ಭಾನುವಾರ

ಪುಟ್ಟ (ಹಾಸ್ಟೆಲ್), 7:42
[ಹಲವು ಬಾರಿ ಫಾರ್ವರ್ಡ್ ಆಗಿದೆ]
ಬಡವರ ಬಂಧು ನೆಡ್ ಕೆಲ್ಲಿ! ಆಸ್ಟ್ರೇಲಿಯಾದಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಕಬ್ಬಿಣದ ಕವಚ ತೊಟ್ಟು ನಿಂತ ವೀರ! ಅವನನ್ನು ಗಲ್ಲಿಗೇರಿಸಿದ ಸರ್ಕಾರವೇ ನಂತರ ಆಯೋಗ ನೇಮಿಸಿ ಅವನು ನಿರಪರಾಧಿ ಎಂದು ಒಪ್ಪಿಕೊಂಡಿತು! ಓದಿ, ಹಂಚಿಕೊಳ್ಳಿ!

ಶಿವಮೊಗ್ಗ ಚಿಕ್ಕಪ್ಪ, 7:50
ಬೆಳಗಾಗೆದ್ದು ಕಳ್ಳನ ಮುಖ ನೋಡಿದಂತಾಯಿತು. ಪುಟ್ಟ, ನಿನ್ನ ಈ ವೀರನ ತಂಡ ಸ್ಟ್ರಿಂಗಿಬಾರ್ಕ್ ಎಂಬ ಹಳ್ಳದ ಬಳಿ ಒಂದೇ ದಿನ ಮೂವರು ಪೊಲೀಸರನ್ನು ಕೊಂದಿತು. ಕೆನೆಡಿ, ಲೋನಿಗನ್, ಸ್ಕ್ಯಾನ್ಲನ್. ನಿನ್ನ ಫಾರ್ವರ್ಡ್‌ನಲ್ಲಿ ಅವರ ಹೆಸರು ಎಲ್ಲಿ?

ಪುಟ್ಟ (ಹಾಸ್ಟೆಲ್), 7:53
ನಿಮಗೆ ಹೇಗೆ ಗೊತ್ತು ಚಿಕ್ಕಪ್ಪ?

ಶಿವಮೊಗ್ಗ ಚಿಕ್ಕಪ್ಪ, 7:54
ಪೊಲೀಸ್ ಕೆಲಸದಿಂದ ನಿವೃತ್ತನಾದವನು ಇನ್ನೇನು ಮಾಡಲಿ? ಓದುತ್ತೇನೆ.

ಮೆಲ್ಬರ್ನ್ ಅಕ್ಕ, 8:10
ಪುಟ್ಟ, ಮೊದಲರ್ಧ ಅವರವರ ಭಕ್ತಿಗೆ ಬಿಟ್ಟದ್ದು. ಕೊನೆಯ ಸಾಲು ಮಾತ್ರ ಹಸಿ ಸುಳ್ಳು. ಆಯೋಗ ನೇಮಕವಾದದ್ದು ನಿಜ. ಕೆಲ್ಲಿಗೆ ಗಲ್ಲಾದದ್ದು 1880ರ ನವೆಂಬರ್ 11ರಂದು, ಆಯೋಗ ಬಂದದ್ದು ನಾಲ್ಕು ತಿಂಗಳ ನಂತರ, 1881ರ ಮಾರ್ಚ್‌ನಲ್ಲಿ. ಅಧ್ಯಕ್ಷ ಫ್ರಾನ್ಸಿಸ್ ಲಾಂಗ್‌ಮೋರ್ ಎಂಬ ಶಾಸಕ. 66 ಸಭೆ ನಡೆಸಿ, 62 ಸಾಕ್ಷಿಗಳನ್ನು ಕೇಳಿ, 36 ಶಿಫಾರಸು ಬರೆದರು. ಅಷ್ಟರಲ್ಲಿ ಒಂದು ಕಡೆಯೂ ಕೆಲ್ಲಿ ನಿರಪರಾಧಿ ಎಂದಿಲ್ಲ. ಅವರು ಕೇಳಿದ ಪ್ರಶ್ನೆಯೇ ಬೇರೆ. ನಾಲ್ಕು ಹುಡುಗರನ್ನು ಹಿಡಿಯುವುದಕ್ಕೆ ವಿಕ್ಟೋರಿಯಾದ ಪೊಲೀಸ್ ಪಡೆಗೆ ಇಪ್ಪತ್ತು ತಿಂಗಳು ಯಾಕೆ ಬೇಕಾಯಿತು?

ಶಿವಮೊಗ್ಗ ಚಿಕ್ಕಪ್ಪ, 8:16
ನನ್ನ ತಕರಾರು ಇರುವುದೇ ಅಲ್ಲಿ. ಸತ್ತವರೂ ಪೊಲೀಸರು, ವಿಚಾರಣೆಯೂ ಪೊಲೀಸರದ್ದೇ. ಕುರ್ಚಿಯ ಮೇಲೆ ಕುಳಿತವರಿಗೆ ಕಾಡು ಎಂದರೆ ನಕ್ಷೆಯಲ್ಲಿನ ಹಸಿರು ಬಣ್ಣ. ನಾನು ಕೂಂಬಿಂಗ್ ಮಾಡಿದವನು. ಮಳೆಗಾಲದಲ್ಲಿ ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣಿಸುವುದಿಲ್ಲ.

ಪುಟ್ಟ (ಹಾಸ್ಟೆಲ್), 8:18
ಆದರೆ ಅವನ ತಾಯಿಯನ್ನು ಕೈಗೂಸಿನ ಸಮೇತ ಜೈಲಿಗೆ ಹಾಕಿದ್ದು ಸುಳ್ಳೇ?

ಮೆಲ್ಬರ್ನ್ ಅಕ್ಕ, 8:27
ಅದು ಸುಳ್ಳಲ್ಲ. 1878ರ ಏಪ್ರಿಲ್ 15ರಂದು ಫಿಟ್ಸ್‌ಪ್ಯಾಟ್ರಿಕ್ ಎಂಬ ಪೇದೆ ನೆಡ್‌ನ ತಮ್ಮ ಡ್ಯಾನ್‌ನನ್ನು ಕುದುರೆ ಕಳವಿನ ಆರೋಪದ ಮೇಲೆ ಹಿಡಿಯಲು ಒಬ್ಬನೇ ಅವರ ಮನೆಗೆ ಹೋದ. ಕೈಯಲ್ಲಿ ವಾರಂಟ್ ಇರಲಿಲ್ಲ, ದಾರಿಯಲ್ಲಿ ಬ್ರಾಂದಿ ಕುಡಿದಿದ್ದ. ನೆಡ್ ನನ್ನ ಮಣಿಕಟ್ಟಿಗೆ ಗುಂಡು ಹಾರಿಸಿದ ಎಂದು ಹಿಂದಿರುಗಿ ದೂರು ಕೊಟ್ಟ. ಅವನ ಮಾತಿನ ಮೇಲೆ ತಾಯಿ ಎಲೆನ್‌ಗೆ ಮೂರು ವರ್ಷ ಕಠಿಣ ಶಿಕ್ಷೆ. ಶಿಕ್ಷೆ ಕೊಟ್ಟ ನ್ಯಾಯಾಧೀಶ ರೆಡ್ಮಂಡ್ ಬ್ಯಾರಿ. ಮುಂದೆ ಮಗನಿಗೆ ಗಲ್ಲು ವಿಧಿಸಿದವನೂ ಅವನೇ. ಫಿಟ್ಸ್‌ಪ್ಯಾಟ್ರಿಕ್‌ನನ್ನು 1880ರಲ್ಲಿ ಇಲಾಖೆಯೇ ಕೆಲಸದಿಂದ ಕಿತ್ತುಹಾಕಿತು. ಆಗ ಎಲೆನ್ ಇನ್ನೂ ಜೈಲಿನಲ್ಲೇ ಇದ್ದಳು.

ಶಿವಮೊಗ್ಗ ಚಿಕ್ಕಪ್ಪ, 8:30
ಒಬ್ಬ ಕುಡುಕ ಪೇದೆಗಾಗಿ ಇಡೀ ಇಲಾಖೆಗೆ ಮಸಿ ಬಳಿಯಬೇಡ.

ವಕೀಲ ಭಾವ, 8:41
ಮಾವ, ಒಬ್ಬ ಪೇದೆಯ ಮಾತು ಬಿಡಿ. 1879ರ ಜನವರಿಯಲ್ಲಿ ಕೆಲ್ಲಿಯ ನೆಂಟರು, ಪರಿಚಯದವರು ಎಂದು ಸುಮಾರು ಇಪ್ಪತ್ತು ಜನರನ್ನು ಬೀಚ್‌ವರ್ತ್ ಜೈಲಿಗೆ ತುಂಬಿದರು. ಪಟ್ಟಿ ಮಾಡಿದ್ದು ಹೇಗೆ? ಅಧಿಕಾರಿಗಳನ್ನು ಒಟ್ಟಿಗೆ ಕೂರಿಸಿ, ನಿಮ್ಮ ಕಡೆ ಯಾರು ಯಾರು ಎಂದು ಕೇಳಿ ಬರೆದುಕೊಂಡು. ವಾರ ವಾರ ಕೋರ್ಟಿಗೆ ತರುವುದು, ಸಾಕ್ಷ್ಯವಿಲ್ಲದೆ ಮತ್ತೆ ಒಂದು ವಾರ ರಿಮಾಂಡ್ ಕೇಳುವುದು. ಹೀಗೆ ಮೂರು ತಿಂಗಳು. ಪೈರು ಕೊಯ್ಯುವ ಕಾಲದಲ್ಲಿ ರೈತರು ಒಳಗೆ. ಹೊರಗೆ ಬಂದವರು ಪೊಲೀಸರಿಗೆ ಸುಳಿವು ಕೊಡುತ್ತಾರೆಯೇ? ಕೋರ್ಟಿನಲ್ಲಿ ನಾನು ಹೀಗೆ ರಿಮಾಂಡ್ ಕೇಳಿದರೆ ನ್ಯಾಯಾಧೀಶರು ಕನ್ನಡಕ ತೆಗೆದು ನೋಡುತ್ತಾರೆ.

ಶಿವಮೊಗ್ಗ ಚಿಕ್ಕಪ್ಪ, 8:44
ಆಶ್ರಯ ಕೊಟ್ಟವರನ್ನು ಬಿಟ್ಟು ಡಕಾಯಿತನನ್ನು ಹಿಡಿದ ಪೊಲೀಸ್ ಯಾವ ದೇಶದಲ್ಲೂ ಇಲ್ಲ, ವಕೀಲರೇ.

ಪುಟ್ಟ (ಹಾಸ್ಟೆಲ್), 8:45
ನಮ್ಮ ಕಡೆ ಮೀಸೆಯವನನ್ನು ಹುಡುಕುವಾಗಲೂ ಹೀಗೆಯೇ ಅಲ್ಲವೇ ಚಿಕ್ಕಪ್ಪ?

ಶಿವಮೊಗ್ಗ ಚಿಕ್ಕಪ್ಪ, 8:45
ಅವನನ್ನು ಈ ಗುಂಪಿಗೆ ತರಬೇಡ. ಆಸ್ಟ್ರೇಲಿಯಾದಲ್ಲೇ ಇರು.

ಟೀಚರ್ ಅತ್ತೆ, 9:05
ಯಾರಾದರೂ ನನ್ನ ಹಿತ್ತಾಳೆ ಪರಾತ ತೆಗೆದುಕೊಂಡು ಹೋಗಿದ್ದೀರಾ? ಸತ್ಯನಾರಾಯಣ ಪೂಜೆಯ ದಿನದಿಂದ ಕಾಣುತ್ತಿಲ್ಲ. ಆಮೇಲೆ, ಈ ಆಯೋಗ ತಪ್ಪು ಯಾರದ್ದು ಎಂದಿತು? ಅದನ್ನು ಯಾರೂ ಹೇಳುತ್ತಿಲ್ಲ.

ಮೆಲ್ಬರ್ನ್ ಅಕ್ಕ, 9:31
ಅತ್ತೆ, ವರದಿಯ ತೀರ್ಮಾನಗಳು ಶುರುವಾಗುವುದೇ ಒಂದು ಪೊಲೀಸ್ ಠಾಣೆಯಿಂದ. ಈಶಾನ್ಯ ಜಿಲ್ಲೆಯಲ್ಲಿ ಗ್ಲೆನ್‌ಮೋರ್ ಎಂಬ ಠಾಣೆ ಇತ್ತು. ಅದನ್ನು ಮುಚ್ಚಿದ್ದು, ಬೀಚ್‌ವರ್ತ್ ಮತ್ತು ಸುತ್ತಲಿನ ಠಾಣೆಗಳಲ್ಲಿ ಸಿಬ್ಬಂದಿ ಕಡಿಮೆ ಮಾಡಿದ್ದು ಗಂಭೀರ ತಪ್ಪು ಎಂದರು. ಇದ್ದವರಿಗೂ ಸರಿಯಾದ ಬಂದೂಕಿಲ್ಲ, ಕುದುರೆಯಿಲ್ಲ.

ಎರಡನೆಯದು ಮುಖ್ಯ ಆಯುಕ್ತ ಕ್ಯಾಪ್ಟನ್ ಸ್ಟ್ಯಾಂಡಿಷ್. ಅವನ ಕೈಕೆಳಗೆ ಇಬ್ಬರು, ನಿಕಲ್ಸನ್ ಮತ್ತು ಹೇರ್. ಹೇರ್ ಮುದ್ದಿನವನು, ನಿಕಲ್ಸನ್ ಕಣ್ಣಿನ ಕಸ. ಬೇಟೆಯ ಹೊಣೆ ಮೊದಲು ನಿಕಲ್ಸನ್‌ಗೆ. 1878ರ ಡಿಸೆಂಬರ್‌ನಲ್ಲಿ ಅವನನ್ನು ತೆಗೆದು ಸ್ಟ್ಯಾಂಡಿಷ್ ಮತ್ತು ಹೇರ್ ತಾವೇ ಬಂದರು. 1879ರ ಜುಲೈನಲ್ಲಿ ಮತ್ತೆ ನಿಕಲ್ಸನ್. 1880ರ ಜೂನ್‌ನಲ್ಲಿ ಮತ್ತೆ ಹೇರ್. ಒಬ್ಬನ ಬಾತ್ಮೀದಾರರನ್ನು ಇನ್ನೊಬ್ಬ ನಂಬುವುದಿಲ್ಲ. ಇವರ ಒಳಜಗಳದಿಂದಲೇ ಮುಖ್ಯ ಸಂದರ್ಭಗಳಲ್ಲಿ ಒಟ್ಟಾಗಿ ಕೆಲಸ ಮಾಡಲಾಗಲಿಲ್ಲ ಎಂದು ಆಯೋಗ ಬರೆದಿದೆ.

ಬ್ರೂಕ್ ಸ್ಮಿತ್ ಎಂಬ ಇನ್‌ಸ್ಪೆಕ್ಟರ್ ಬಗ್ಗೆ ಬರೆದದ್ದು ಎರಡೇ ಗುಣ, ಸೋಮಾರಿತನ ಮತ್ತು ಅಸಮರ್ಥತೆ. ಜಾಡು ಹಸಿಯಾಗಿದ್ದಾಗಲೇ ತಂಡವನ್ನು ಹಿಂದಕ್ಕೆ ತಿರುಗಿಸಿದ ಪುಣ್ಯಾತ್ಮ ಅವನು.

ಶಿವಮೊಗ್ಗ ಚಿಕ್ಕಪ್ಪ, 9:38
ಠಾಣೆ ಮುಚ್ಚಿದ್ದರೇ? ಅದನ್ನು ಮೊದಲೇ ಹೇಳಬಾರದಿತ್ತೇ. ಖರ್ಚು ಉಳಿಸುತ್ತೇವೆ ಎಂದು ಗಡಿಯ ಠಾಣೆ ಮುಚ್ಚುವುದು, ಆಮೇಲೆ ಪೇದೆಗೆ ಊರಿನ ಪರಿಚಯವಿಲ್ಲ ಎಂದು ಬಯ್ಯುವುದು. ಇಬ್ಬರು ಸಾಹೇಬರ ನಡುವೆ ಸಿಕ್ಕಿಬಿದ್ದ ಠಾಣೆಯಲ್ಲಿ ನಾನೂ ಮೂರು ವರ್ಷ ಇದ್ದೆ. ಬೆಳಿಗ್ಗೆ ಒಬ್ಬರು ಹಾಕಿದ ಬೀಟನ್ನು ಸಂಜೆ ಇನ್ನೊಬ್ಬರು ತೆಗೆಸುತ್ತಿದ್ದರು.

ಆದರೂ ಶಾಸಕರು ಕುಳಿತು ಬರೆದ ವರದಿ ಅದು. ರಾಜಕೀಯ ಇಲ್ಲದೆ ಇರುವುದಿಲ್ಲ.

ವಕೀಲ ಭಾವ, 9:42
ಒಪ್ಪುತ್ತೇನೆ. ಆದರೆ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಹೇಳಿದ್ದನ್ನು ಶಾಸಕರು ಹೇಳಿಕೊಟ್ಟಿರಲಿಲ್ಲ ಮಾವ.

ಮೆಲ್ಬರ್ನ್ ಅಕ್ಕ, 9:50
ನಂಬದಿರುವುದರಿಂದ ಏನಾಯಿತು ಎಂಬುದಕ್ಕೆ ಒಂದು ಕಾಗದ ಸಾಕು. ನಿಕಲ್ಸನ್‌ಗೆ ಒಬ್ಬ ಬಾತ್ಮೀದಾರನಿದ್ದ. ಗುಟ್ಟು ಬಯಲಾಗದಿರಲಿ ಎಂದು ಕೆಲ್ಲಿ ತಂಡವನ್ನು "ರೋಗದ ದನಗಳು" ಎಂದೇ ಬರೆಯುತ್ತಿದ್ದ. 1880ರ ಮೇ ತಿಂಗಳಲ್ಲಿ ಅವನು ಬರೆದದ್ದರ ತಿರುಳು ಇಷ್ಟು: ಉಳುವ ಉಪಕರಣಗಳಿಂದ ಕಾಣೆಯಾದ ಕಬ್ಬಿಣದಲ್ಲಿ ಅಂಗಿಗಳು ತಯಾರಾಗುತ್ತಿವೆ, ಮೈಗೆ ಚೆನ್ನಾಗಿ ಕೂರುತ್ತಿವೆ, ಹತ್ತು ಗಜದಿಂದ ಹೊಡೆದರೂ ಗುಂಡು ತೂರುವುದಿಲ್ಲ. ಜೂನ್‌ನಲ್ಲಿ ಬಂದ ಹೇರ್ ಇದನ್ನು ನಂಬಲಿಲ್ಲ. ಅದೇ ತಿಂಗಳ ಕೊನೆಗೆ ಗ್ಲೆನ್‌ರೋವನ್ ಎಂಬ ಊರಿನಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಆ ಅಂಗಿ ಅವನೆದುರೇ ಬಂದು ನಿಂತಿತು.

[ಫೋಟೋ] ನೆಡ್ ತೊಟ್ಟದ್ದು ಇದೇ, ಇಲ್ಲಿನ ರಾಜ್ಯ ಗ್ರಂಥಾಲಯದಲ್ಲಿದೆ. ನೇಗಿಲಿನ ಮಣ್ಣು ಮಗುಚುವ ಹಲಗೆಗಳನ್ನು ಬಡಿದು ಮಾಡಿದ್ದು. ತೂಕ ಸುಮಾರು 44 ಕಿಲೋ. ಗುಂಡು ತಗಲಿದ ಕಡೆಯೆಲ್ಲ ಗುಳಿ ಬಿದ್ದಿದೆ, ಹತ್ತಿರದಿಂದ ನೋಡಿ.

ಟೀಚರ್ ಅತ್ತೆ, 9:53
ಅಯ್ಯೋ, ಬಿಂದಿಗೆ ತಲೆಕೆಳಗಾಗಿ ಹಾಕಿಕೊಂಡಂತಿದೆ.

ನಾನು, 10:12
ಇಲ್ಲಿಯವರೆಗೆ ಸುಮ್ಮನಿದ್ದೆ. ಒಂದು ಪ್ರಶ್ನೆ. ಆರನ್ ಶೆರಿಟ್‌ನ ಗುಡಿಸಲಿನಲ್ಲಿ ಅಡಗಿದ್ದ ನಾಲ್ಕು ಪೇದೆಗಳ ಬಗ್ಗೆ ಚಿಕ್ಕಪ್ಪ ಏನು ಹೇಳುತ್ತಾರೆ?

ಪುಟ್ಟ (ಹಾಸ್ಟೆಲ್), 10:13
ಯಾರು ಅವರು?

ನಾನು, 10:24
ಶೆರಿಟ್ ಎಂದರೆ ತಂಡದ ಜೋ ಬೈರ್ನ್‌ನ ಬಾಲ್ಯದ ಗೆಳೆಯ. ಪೊಲೀಸರಿಗೆ ಸುದ್ದಿ ಕೊಡುತ್ತಿದ್ದ. ಅವನ ರಕ್ಷಣೆಗೆ, ಜೊತೆಗೆ ಬೈರ್ನ್‌ನ ತಾಯಿಯ ಮನೆಯ ಮೇಲೆ ಕಣ್ಣಿಡಲು ನಾಲ್ವರು ಪೇದೆಗಳು ಆ ಗುಡಿಸಲಿನಲ್ಲೇ ಬಿಡಾರ ಮಾಡಿದ್ದರು. 1880ರ ಜೂನ್ 26, ಶನಿವಾರ ಸಂಜೆ. ಬೈರ್ನ್ ಮತ್ತು ಡ್ಯಾನ್ ಕೆಲ್ಲಿ ನೆರೆಯ ಜರ್ಮನ್ ರೈತನೊಬ್ಬನಿಗೆ ಕೋಳ ತೊಡಿಸಿ ಬಾಗಿಲ ಬಳಿ ತಂದು, ದಾರಿ ತಪ್ಪಿದೆ ಎಂದು ಕೂಗಿಸಿದರು. ಶೆರಿಟ್ ಬಾಗಿಲು ತೆರೆದ. ಬೈರ್ನ್ ಗುಂಡು ಹಾರಿಸಿದ.

ಪೇದೆಗಳು ಒಳಕೋಣೆಯಲ್ಲಿದ್ದರು. ನಡುವೆ ಇದ್ದದ್ದು ಗೋಡೆಯ ಬಾಗಿಲಲ್ಲ, ಬಟ್ಟೆಯ ಪರದೆ. ಒಬ್ಬರೂ ಹೊರಗೆ ಬರಲಿಲ್ಲ. ಶೆರಿಟ್‌ನ ಹೆಂಡತಿ ಬಸುರಿ. ಒಳಗೆ ಬಂದವಳನ್ನು ಮತ್ತೆ ಹೊರಗೆ ಬಿಡದೆ ಮಂಚದ ಕೆಳಗೆ ಎಳೆದುಕೊಂಡರು. ಹಂತಕರು ಹೋದ ಮೇಲೂ ಬೆಳಗಾಗುವವರೆಗೆ ಅಲ್ಲಿಯೇ. ಆಯೋಗ ಇದನ್ನು ಅಪ್ಪಟ ಹೇಡಿತನ ಎಂದಿತು. ಒಬ್ಬ ಆಗಲೇ ರಾಜೀನಾಮೆ ಕೊಟ್ಟು ಹೋಗಿದ್ದ, ಉಳಿದ ಮೂವರನ್ನು ವಜಾ ಮಾಡಲು ಹೇಳಿತು.

ಶಿವಮೊಗ್ಗ ಚಿಕ್ಕಪ್ಪ, 10:40
ಉತ್ತರ ಬರೆದು ಎರಡು ಸಲ ಅಳಿಸಿದೆ.

ತಪ್ಪು. ಸಮರ್ಥಿಸುವುದಿಲ್ಲ. ನಾನು ಅವರ ಇನ್‌ಸ್ಪೆಕ್ಟರ್ ಆಗಿದ್ದರೆ ಬೆಲ್ಟ್ ಬಿಚ್ಚಿಸುತ್ತಿದ್ದೆ. ಆದರೆ ಕತ್ತಲಲ್ಲಿ ಹೊರಗೆ ಇಬ್ಬರಿದ್ದಾರೋ ಇಪ್ಪತ್ತು ಜನರಿದ್ದಾರೋ ತಿಳಿಯದು. ಒಳಗೆ ದೀಪ, ಹೊರಗೆ ಕತ್ತಲು. ಬಾಗಿಲಿಗೆ ಬಂದವನು ಗುರಿ ಇಟ್ಟ ತೆಂಗಿನಕಾಯಿ.

ನಾನು, 10:47
ನನ್ನ ತಲೆ ತಿನ್ನುತ್ತಿರುವುದು ಬೇರೆ. ಕೆಲ್ಲಿಯ ಲೆಕ್ಕಾಚಾರ ನೋಡಿ. ಶೆರಿಟ್ ಸತ್ತ ಸುದ್ದಿ ರಾತ್ರಿಯೇ ಮುಟ್ಟುತ್ತದೆ, ಪೊಲೀಸರ ವಿಶೇಷ ರೈಲು ತಕ್ಷಣ ಹೊರಡುತ್ತದೆ. ಅದಕ್ಕಾಗಿ ಗ್ಲೆನ್‌ರೋವನ್‌ನ ಆಚೆ ಹಳಿ ಕೀಳಿಸಿ, ಊರಿನವರನ್ನು ಅಲ್ಲಿನ ಹೋಟೆಲಿನಲ್ಲಿ ಒತ್ತೆ ಇಟ್ಟುಕೊಂಡು ಕಾದು ಕುಳಿತ. ಆದರೆ ಈ ನಾಲ್ವರು ಮಂಚದ ಬಳಿಯಿಂದ ಏಳಲಿಲ್ಲ. ಸುದ್ದಿ ತಡವಾಯಿತು. ರೈಲು ಮೆಲ್ಬರ್ನ್ ಬಿಟ್ಟದ್ದು ಭಾನುವಾರ ರಾತ್ರಿ. ಅಷ್ಟರಲ್ಲಿ ಒತ್ತೆಯಾಗಿದ್ದ ಶಾಲಾ ಮೇಷ್ಟರು ಥಾಮಸ್ ಕರ್ನೋ ಕೆಲ್ಲಿಯ ಮನವೊಲಿಸಿ ಮನೆಗೆ ಹೋಗಿದ್ದರು. ಮೋಂಬತ್ತಿಯ ಮುಂದೆ ಕೆಂಪು ಸ್ಕಾರ್ಫ್ ಹಿಡಿದು ರೈಲು ನಿಲ್ಲಿಸಿದರು. ಪೇದೆಗಳು ಧೈರ್ಯ ಮಾಡಿ ರಾತ್ರಿಯೇ ಓಡಿದ್ದರೆ ರೈಲು ಮೊದಲೇ ಬರುತ್ತಿತ್ತು, ಮೇಷ್ಟರು ಹಳಿಯ ಮೇಲೆ ಇರುತ್ತಿರಲಿಲ್ಲ.

ಶಿವಮೊಗ್ಗ ಚಿಕ್ಕಪ್ಪ, 10:49
ಹಾಗಾದರೆ ಹೇಡಿತನಕ್ಕೆ ಪದಕ ಕೊಡೋಣವೇ?

ನಾನು, 10:50
ಕೊಡುವುದು ಬೇಡ. ಆದರೆ ಆಯೋಗದ ತಕ್ಕಡಿಯಲ್ಲಿ ಇದನ್ನು ತೂಗಲು ಜಾಗವಿಲ್ಲ.

ಟೀಚರ್ ಅತ್ತೆ, 10:52
ಮೇಷ್ಟರು! ನೋಡಿದಿರಾ, ಇಡೀ ಇಲಾಖೆಗೆ ಆಗದ್ದು ಒಬ್ಬ ಮೇಷ್ಟರಿಂದ ಆಯಿತು. ಅವರಿಗೆ ಏನು ಸಿಕ್ಕಿತು?

ಮೆಲ್ಬರ್ನ್ ಅಕ್ಕ, 11:03
8,000 ಪೌಂಡ್ ಬಹುಮಾನ ಘೋಷಿಸಿದ್ದರು ಅತ್ತೆ. ಹಂಚಿದ್ದು ಬೇರೊಂದು ಮಂಡಳಿ. ಮೇಷ್ಟರಿಗೆ ಮೊದಲು 550. ಹೇರ್‌ಗೆ 800.

ಟೀಚರ್ ಅತ್ತೆ, 11:04
ಹೇರ್ ಏನು ಮಾಡಿದ?

ಮೆಲ್ಬರ್ನ್ ಅಕ್ಕ, 11:09
ಗ್ಲೆನ್‌ರೋವನ್‌ನಲ್ಲಿ ಮೊದಲ ಸುತ್ತಿನಲ್ಲೇ ಮಣಿಕಟ್ಟಿಗೆ ಗುಂಡು ತಗಲಿ ಚಿಕಿತ್ಸೆಗೆ ಬೆನಾಲ್ಲಾಕ್ಕೆ ಹೋದ. ಉಳಿದವರು ಆ ಹೋಟೆಲಿನ ಮೇಲೆ ಗುಂಡಿನ ಮಳೆ ಸುರಿಸಿದರು. ಒಳಗೆ ಹೆಂಗಸರು, ಮಕ್ಕಳು ಸೇರಿ ಹತ್ತಾರು ಒತ್ತೆಯಾಳುಗಳು. ಹೋಟೆಲಿನ ಒಡತಿಯ ಹದಿಮೂರು ವರ್ಷದ ಮಗ ಸತ್ತ. ಮಾರ್ಟಿನ್ ಚೆರಿ ಎಂಬ ಮುದುಕ ಸತ್ತ. ಕೊನೆಗೆ ಹೋಟೆಲಿಗೇ ಬೆಂಕಿ ಇಟ್ಟರು. ಮೆಲ್ಬರ್ನ್‌ನಿಂದ ಫಿರಂಗಿ ಬೇರೆ ತರಿಸುತ್ತಿದ್ದರು, ಪುಣ್ಯಕ್ಕೆ ಅದು ಅರ್ಧದಾರಿಯಲ್ಲೇ ಇತ್ತು.

ಶಿವಮೊಗ್ಗ ಚಿಕ್ಕಪ್ಪ, 11:20
ಈ ಹೇರ್‌ಗೆ ಆಯೋಗ ಏನು ಮಾಡಿತು?

ಮೆಲ್ಬರ್ನ್ ಅಕ್ಕ, 11:26
ಹೇರ್, ನಿಕಲ್ಸನ್ ಇಬ್ಬರೂ ಪೊಲೀಸ್ ಕೆಲಸ ಬಿಡಲಿ ಎಂದಿತು. ಬಿಟ್ಟರು. 1882ರಲ್ಲಿ ಇಬ್ಬರೂ ಮ್ಯಾಜಿಸ್ಟ್ರೇಟ್ ಆದರು. ಹೇರ್ ಹೋದ ಮೇಲೆ ಗ್ಲೆನ್‌ರೋವನ್‌ನಲ್ಲಿ ಹೊಣೆ ಹೊತ್ತ ಸ್ಯಾಡ್ಲಿಯರ್‌ನನ್ನು ಸೂಪರಿಂಟೆಂಡೆಂಟ್‌ಗಳ ಪಟ್ಟಿಯ ಕೊನೆಗೆ ಇಳಿಸಲು ಹೇಳಿತು. ಸ್ಟ್ಯಾಂಡಿಷ್ 1880ರಲ್ಲೇ ನಿವೃತ್ತನಾಗಿದ್ದ.

ಶಿವಮೊಗ್ಗ ಚಿಕ್ಕಪ್ಪ, 11:29
ನೋಡಿ! ಪೇದೆಗೆ ವಜಾ, ಸಾಹೇಬನಿಗೆ ನ್ಯಾಯಪೀಠ. ಎರಡು ವರ್ಷ ಕುರ್ಚಿ ಕಿತ್ತಾಡಿ ಊರು ಕೆಡಿಸಿದವನು ಆಮೇಲೆ ಪೀಠದ ಮೇಲೆ ಕುಳಿತು ಕುದುರೆ ಕಳ್ಳರಿಗೆ ಶಿಕ್ಷೆ ಹೇಳುತ್ತಾನೆ. ಇದಕ್ಕೆ 66 ಸಭೆ ಬೇಕಿತ್ತೇ? ಇನ್ನಷ್ಟು ಬಿಗಿಯಾಗಿ ಕೇಳಬೇಕಿತ್ತು.

ಟೀಚರ್ ಅತ್ತೆ, 11:30
ಹಾಗಾದರೆ ವಿಚಾರಣೆ ಬೇಕಿತ್ತು ಎಂದಾಯಿತಲ್ಲೋ ತಮ್ಮ.

ಶಿವಮೊಗ್ಗ ಚಿಕ್ಕಪ್ಪ, 11:30
ನಾನು ಹಾಗೆ ಹೇಳಲಿಲ್ಲ ಅಕ್ಕ.

ವಕೀಲ ಭಾವ, 11:31
ಹೇಳಿಕೆ ದಾಖಲಾಗಿದೆ ಮಾವ. 11:29.

ಮೆಲ್ಬರ್ನ್ ಅಕ್ಕ, 11:44
ಬಹುಮಾನದ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಕ್ವೀನ್ಸ್‌ಲ್ಯಾಂಡ್‌ನಿಂದ ಒ'ಕಾನರ್ ಎಂಬ ಅಧಿಕಾರಿಯ ಜೊತೆ ಆರು ಮೂಲನಿವಾಸಿ ಜಾಡುಗಾರರು ಬಂದಿದ್ದರು. ಕೆಲ್ಲಿ ನಿಜವಾಗಿ ಹೆದರಿದ್ದು ಇವರಿಗೆ. ಸ್ಟ್ಯಾಂಡಿಷ್‌ಗೆ ಒ'ಕಾನರ್‌ನನ್ನು ಕಂಡರಾಗದು. ಶೆರಿಟ್ ಸತ್ತ ಸುದ್ದಿ ಬಂದಾಗ ಇವರು ಊರಿಗೆ ಹಿಂದಿರುಗುವ ದಾರಿಯಲ್ಲಿದ್ದರು. ಅಲ್ಲಿಂದಲೇ ತಿರುಗಿಸಿ ಆ ರೈಲು ಹತ್ತಿಸಿದರು. ಗ್ಲೆನ್‌ರೋವನ್‌ನಲ್ಲಿ ಗುಂಡಿನ ನಡುವೆ ನಿಂತವರು ಅವರೂ ಹೌದು. ಅವರಿಗೆ ತಲಾ 50 ಪೌಂಡ್ ಎಂದು ಬರೆದ ಮಂಡಳಿಯೇ, ಇಂಥವರ ಕೈಗೆ ಅಷ್ಟು ಹಣ ಕೊಡುವುದು ಸರಿಯಲ್ಲ, ಅದು ಸರ್ಕಾರದ ಬಳಿ ಇರಲಿ ಎಂದೂ ಬರೆಯಿತು.

ಶಿವಮೊಗ್ಗ ಚಿಕ್ಕಪ್ಪ, 11:52
ಥೂ.

ಮಗಳೇ, ಕವಚದ ಫೋಟೋ ಸಾಕು, ಎಲ್ಲರೂ ಅದನ್ನೇ ಕಳುಹಿಸುತ್ತಾರೆ. ಆ ಮೂವರು ಪೊಲೀಸರಿಗೆ ಎಲ್ಲಾದರೂ ಕಲ್ಲು ನೆಟ್ಟಿದ್ದಾರೆಯೇ?

ಮೆಲ್ಬರ್ನ್ ಅಕ್ಕ, 11:54
ಮ್ಯಾನ್ಸ್‌ಫೀಲ್ಡ್ ಊರಿನ ನಡುವೆ ಸ್ಮಾರಕ ಇದೆ ಚಿಕ್ಕಪ್ಪ. ರಜೆಯಲ್ಲಿ ಹೋದಾಗ ಫೋಟೋ ತೆಗೆಯುತ್ತೇನೆ.

ಶಿವಮೊಗ್ಗ ಚಿಕ್ಕಪ್ಪ, 11:55
ಹೆಸರುಗಳು ಓದುವಂತೆ ಹತ್ತಿರದಿಂದ ತೆಗೆ.

ಪುಟ್ಟ (ಹಾಸ್ಟೆಲ್), 11:58
ಈ ಸಂದೇಶವನ್ನು ಅಳಿಸಲಾಗಿದೆ

ಟೀಚರ್ ಅತ್ತೆ, 12:01
ಪರಾತ ಅಟ್ಟದ ಮೇಲೆ ಸಿಕ್ಕಿತು. ಯಾರ ಮೇಲೂ ಅನುಮಾನವಿಲ್ಲ.

ಶಿವಮೊಗ್ಗ ಚಿಕ್ಕಪ್ಪ, 12:04
ಪುಟ್ಟ, ಬೆಳಗಿನ ಆ ಫಾರ್ವರ್ಡ್ ಅಳಿಸಿದ್ದು ಯಾಕೆ? ನಮ್ಮ ನಿವೃತ್ತರ ಗುಂಪಿಗೆ ಹಾಕೋಣ ಎಂದು ಊಟ ಬಿಟ್ಟು ಹುಡುಕುತ್ತಿದ್ದೇನೆ. ಇನ್ನೊಮ್ಮೆ ಕಳುಹಿಸು.