ಮುಗಿಯದ ಧಾರಾವಾಹಿಗಳು ದಣಿಯದೆ ನಡೆಯುವುದು ಸಾಧ್ಯವೇ?

ಕಡಿಯಾಳಿಯ ವೀಕ್ಷಕಿ:
ನಮ್ಮ ಅತ್ತೆಯವರು ಒಂದು ಧಾರಾವಾಹಿಯನ್ನು ನಾಲ್ಕು ವರ್ಷಗಳಿಂದ ತಪ್ಪದೆ ನೋಡುತ್ತಿದ್ದಾರೆ. ಕಳೆದ ವಾರ ಅದರ ನಾಯಕಿಗೆ ಎರಡನೆಯ ಸಲ ನೆನಪು ಮರಳಿತು. ಮಲ್ಲಿಗೆ ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸದೆಯೇ ಅತ್ತೆ, "ಇನ್ನು ಮದುವೆ ಮುರಿಯುತ್ತದೆ, ಆಮೇಲೆ ಕೂಡುತ್ತದೆ" ಎಂದರು. ಕಥೆ ಉದ್ದವಾದರೆ ಹೀಗಾಗುವುದು ಅನಿವಾರ್ಯವೇ? ಮೂಲ ಚೌಕಟ್ಟನ್ನೇ ಬದಲಿಸಿ ಗೆದ್ದವರು ಇದ್ದಾರೆಯೇ?

ಕೊಡಿಯಾಲಬೈಲಿನಿಂದ:
ವಾರಕ್ಕೆ ಆರು ಕಂತುಗಳೆಂದರೆ ವರ್ಷಕ್ಕೆ 300ಕ್ಕೂ ಹೆಚ್ಚು; ಬರೆಯುವವರು ದಣಿಯುವುದು ಸಹಜ. ಆದರೆ ನೋಡುಗರನ್ನು ದಣಿಸುವುದು ಉದ್ದವಲ್ಲ, ನಡೆದದ್ದನ್ನು ನಡೆದೇ ಇಲ್ಲವೆನ್ನುವ ಅಭ್ಯಾಸ. ಅಮೆರಿಕದ 'ಡಲ್ಲಾಸ್' ಧಾರಾವಾಹಿ 1986ರಲ್ಲಿ, ಸತ್ತಿದ್ದ ಬಾಬಿ ಎಂಬ ಪಾತ್ರವನ್ನು ಮರಳಿ ತರುವುದಕ್ಕಾಗಿ ಇಡೀ ಒಂದು ಸೀಸನ್ನನ್ನೇ ಕನಸೆಂದು ತಳ್ಳಿಹಾಕಿತು. ಒಂದು ವರ್ಷ ಅತ್ತವರ ಕಣ್ಣೀರಿಗೆ ಬೆಲೆಯೇ ಇಲ್ಲದಂತಾಯಿತು. ಇದಕ್ಕೆ ವಿರುದ್ಧವಾಗಿ, ಬ್ರಿಟನ್ನಿನ 'ಡಾಕ್ಟರ್ ಹೂ' 1966ರಲ್ಲಿ ಮುಖ್ಯ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ, ಪಾತ್ರವೇ ದೇಹ ಬದಲಿಸಿಕೊಳ್ಳುತ್ತದೆ ಎಂದು ಕಥೆಯೊಳಗೇ ಒಪ್ಪಿಕೊಂಡು ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದಿತು. ಹೊಸಬರು ಹಳಬರನ್ನು ಅನುಕರಿಸಲಿಲ್ಲ, ಸ್ವಭಾವವೂ ಬೇರೆಯಾಯಿತು. ಅಂದು ಒದಗಿದ ತೊಂದರೆಯೇ ಆ ಕಥೆಯ ನಿಯಮವಾಗಿ ನಿಂತಿತು.

ಬಜಪೆಯ ಯಕ್ಷಗಾನಪ್ರಿಯ:
ಪುನರಾವರ್ತನೆಯೇ ದೋಷವೆಂದರೆ ನಾನು ಒಪ್ಪುವುದಿಲ್ಲ. ಕಟೀಲು ಯಕ್ಷಗಾನ ಮೇಳದ 'ದೇವಿ ಮಹಾತ್ಮೆ' ಪ್ರಸಂಗವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದಲೇ ಅಬ್ಬರಿಸುತ್ತ ಬರುತ್ತಾನೆಂದು ಮಕ್ಕಳಿಗೂ ಗೊತ್ತು. ಆದರೂ ಚೆಂಡೆ ಏರಿದಾಗ ಎಲ್ಲರೂ ಕುರ್ಚಿ ಬಿಟ್ಟು ಹಿಂದಿರುಗಿ ನೋಡುತ್ತಾರೆ. ಕಥೆ ಅದೇ ಆದರೂ ಅರ್ಥಗಾರಿಕೆ, ಅಂದರೆ ರಂಗದ ಮೇಲೆ ಆಗಲೇ ಹೊಸೆಯುವ ಮಾತು, ಅಂದಂದಿನದು, ವೇಷಧಾರಿಯ ಮನೋಧರ್ಮದ್ದು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ: ಅಲ್ಲಿ ಮಹಿಷ ಸಾಯುತ್ತಾನೆ, ಮಂಗಳ ಹಾಡುತ್ತಾರೆ, ಆ ರಾತ್ರಿಯ ಮಟ್ಟಿಗೆ ಕಥೆ ಮುಗಿಯುತ್ತದೆ. ಧಾರಾವಾಹಿಗೆ ಮಂಗಳವೇ ಇಲ್ಲದಿರುವುದರಿಂದ ಖಳರನ್ನು ಸೋಲಿಸುವುದಕ್ಕೂ ಬರೆಯುವವರು ಅಂಜುತ್ತಾರೆ. ವರ್ಷಕ್ಕೊಂದು ಕಥೆಯನ್ನಾದರೂ ಪೂರ್ತಿ ಮುಗಿಸಿ, ಅದರ ಫಲವನ್ನು ಪಾತ್ರಗಳ ಮೈಮೇಲೆ ಉಳಿಸಿ ಮುಂದುವರಿದರೆ ಅದೇ ಮನೆಯಲ್ಲಿ ಇನ್ನೂ ಹತ್ತು ವರ್ಷ ಕಥೆ ಹೇಳಬಹುದು.

ಕಡಿಯಾಳಿಯ ವೀಕ್ಷಕಿ:
ಇಬ್ಬರಿಗೂ ಧನ್ಯವಾದಗಳು. ಇವನ್ನು ಅತ್ತೆಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಆ ಹುಡುಗಿ ಈ ಸಲ ನಿಜವಾಗಿಯೂ ಮನೆ ಬಿಟ್ಟು ಹೋಗಿ, ಕೆಲಸ ಹಿಡಿದು, ವಾಪಸು ಬರದೇ ಇರಲಿ, ನಾಳೆ ಏನಾಗುತ್ತದೋ ಎಂದು ನಾನು ಕಾಯುತ್ತೇನೆ" ಎಂದರು.