ಬೋಧಗಯೆಯ ‘ವೇದಿಕೆ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಕೆಲವು ಹಿರಿಯರು ಕಾಶಿ-ಗಯಾ ಯಾತ್ರೆಗೆ ಹೊರಟಿದ್ದಾರೆ. ಗಯೆಯಲ್ಲಿ ಪಿಂಡ ಹಾಕಿದ ಮೇಲೆ ಹತ್ತಿರದಲ್ಲೇ ಇರುವ ಬೋಧಗಯೆಯನ್ನೂ ನೋಡಿಕೊಂಡು ಬರುವ ಯೋಚನೆ. ಅವರ ಕೈಗೆ ಕೊಡಲು ಮಹಾಬೋಧಿ ಗುಡಿಯ ಬಗ್ಗೆ ನಾಲ್ಕು ಪುಟ ಕನ್ನಡದಲ್ಲಿ ಬರೆದುಕೊಡಿ ಅಂತ ನನಗೆ ಹೇಳಿದ್ದಾರೆ. ಯಾರು ಕಟ್ಟಿಸಿದರು, ಯಾವಾಗ, ಎಷ್ಟು ಎತ್ತರ, ಇದೆಲ್ಲ ಸಲೀಸಾಗಿ ಬಂತು. ಕೈಕೊಟ್ಟಿದ್ದು ಒಂದು ಪದ: ‘ವೇದಿಕೆ’.

ಬೌದ್ಧ ವಾಸ್ತುವಿನ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಗುಡಿಯ ಸುತ್ತ ಕಲ್ಲಿನ ವೇದಿಕೆ ಇದೆ’ ಅಂತ ಬರೆಯುವುದು ವಾಡಿಕೆ. ಪಾಳಿ, ಸಂಸ್ಕೃತ ಬಲ್ಲವರಿಗೆ ಇದರಲ್ಲಿ ತೊಡಕೇನೂ ಕಾಣುವುದಿಲ್ಲ. ಆದರೆ ಈಗಿನ ಕನ್ನಡದಲ್ಲಿ ವೇದಿಕೆ ಅಂದರೆ ಏನು? ಮೈಕು, ಹಾರ, ಶಾಲು, ಮುಖ್ಯ ಅತಿಥಿಗಳು. ಇಲ್ಲದಿದ್ದರೆ ಯಾವುದೋ ಸಂಘದ ಹೆಸರು. ನಮ್ಮ ಯಾತ್ರಿಕರು ಆ ಸಾಲು ಓದಿದರೆ, ಎಲ್ಲೋ ಹತ್ತಿ ಕೂರುವ ಜಗಲಿ ಇದೆ ಅಂತ ಹುಡುಕಿಕೊಂಡು ಹೋಗುತ್ತಾರೆ, ಅಷ್ಟೇ.

ನಿಜದಲ್ಲಿ ಅದು ಬೇಲಿ. ಮರದ ಬೇಲಿಯನ್ನೇ ಕಲ್ಲಲ್ಲಿ ಮಾಡಿದ್ದು. ಕಂಬಗಳನ್ನು ಸಾಲಾಗಿ ನೆಟ್ಟು, ಪ್ರತಿ ಕಂಬದ ಎರಡೂ ಪಕ್ಕದಲ್ಲಿ ತೂತು ಕೊರೆದು, ಆ ತೂತಿಗೆ ಅಡ್ಡಕಲ್ಲುಗಳನ್ನು ತೂರಿಸಿದ್ದಾರೆ. ಅಡ್ಡಕಲ್ಲು ಚಪ್ಪಟೆ ಹಲಗೆಯಂತಿಲ್ಲ. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾಗುತ್ತದೆ. ಇದಕ್ಕೆ ಹಳಬರು ‘ಸೂಚಿ’, ಅಂದರೆ ಸೂಜಿ ಅಂದರು. ಕಂಬಗಳ ತಲೆಯ ಮೇಲೆ ಉದ್ದಕ್ಕೂ ಕೂರಿಸಿದ ದಪ್ಪ ಕಲ್ಲಿಗೆ ‘ಉಷ್ಣೀಷ’, ಅಂದರೆ ರುಮಾಲು. ಮರಗೆಲಸದವರ ಲೆಕ್ಕ ಇದು, ಕಲ್ಲುಕುಟಿಗರು ಎರವಲು ಪಡೆದಿದ್ದಾರೆ. ಕಲ್ಲಿಗೆ ಇಷ್ಟೊಂದು ಜೋಡಣೆ ಬೇಕಾಗಿಯೇ ಇರಲಿಲ್ಲ ಅಲ್ವಾ?

ಈ ಬೇಲಿಯಲ್ಲಿ ಎರಡು ಕಾಲದ ಕಲ್ಲುಗಳಿವೆ. ಹಳೆಯವು ಮರಳುಗಲ್ಲಿನವು. ಇದು ಅಶೋಕ ಹಾಕಿಸಿದ ಬೇಲಿ ಎಂದು ಒಂದು ಕಾಲದಲ್ಲಿ ನಂಬಿದ್ದರು. ಆದರೆ ಕಂಬಗಳ ಮೇಲೆ ಹಳೆಯ ಬ್ರಾಹ್ಮಿ ಲಿಪಿಯಲ್ಲಿ ‘ಆರ್ಯೆ ಕುರಂಗಿಯ ದಾನ’ ಎಂಬ ಅರ್ಥದ ಬರಹ ಮತ್ತೆ ಮತ್ತೆ ಬರುತ್ತದೆ. ಕುರಂಗಿ ಒಂದು ರಾಜಮನೆತನದ ಹೆಣ್ಣುಮಗಳು. ಆಕೆಯ ಕಾಲ ಅಶೋಕನಿಗಿಂತ ಈಚೆಗೆ, ಕ್ರಿಸ್ತಪೂರ್ವದ ಕೊನೆಯ ಎರಡು ಶತಮಾನಗಳೊಳಗೆ ಬರುತ್ತದೆ. ಆ ಕಂಬಗಳಲ್ಲಿ ಆನೆಗಳು ನೀರೆರೆಯುತ್ತಿರುವ ಲಕ್ಷ್ಮಿ ಇದ್ದಾಳೆ, ನಾಲ್ಕು ಕುದುರೆಯ ರಥದ ಸೂರ್ಯ ಇದ್ದಾನೆ. ಏಳು ಕುದುರೆ ಎಣಿಸುವ ನಮ್ಮವರಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ಬೇಲಿಯನ್ನು ಮುಂದೆ ಗುಪ್ತರ ಕಾಲದಲ್ಲಿ ದೊಡ್ಡದು ಮಾಡಿದಾಗ ಒರಟು ಗ್ರಾನೈಟು ಬಳಸಿದರು. ಅದರಲ್ಲಿ ಸ್ತೂಪ, ಗರುಡನ ಕೆತ್ತನೆ ಜಾಸ್ತಿ. ಮೂಲದ ಎಷ್ಟೋ ಕಂಬಗಳು ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ. ಗುಡಿಯ ಹತ್ತಿರ ನಿಂತಿರುವವುಗಳಲ್ಲಿ ಅಚ್ಚು ತೆಗೆದು ಮಾಡಿದ ಪ್ರತಿಗಳೂ ಇವೆ.

ಇನ್ನೊಂದು ಮಾತು. ಬೇಲಿ ಮೊದಲು ಹಾಕಿದ್ದು ಈಗ ಕಾಣುವ ಗುಡಿಗಲ್ಲ, ಬುದ್ಧನಿಗೆ ಜ್ಞಾನೋದಯವಾದ ಅರಳಿಮರಕ್ಕೆ. ಮಧ್ಯಪ್ರದೇಶದ ಭಾರ್ಹುತದ ಸ್ತೂಪದಲ್ಲಿ ಈ ಬೋಧಿವೃಕ್ಷದ ಒಂದು ಉಬ್ಬುಚಿತ್ರವಿದೆ, ಅದರ ಮೇಲೆ ‘ಭಗವತೋ ಸಕಮುನಿನೋ ಬೋಧೋ’ (ಭಗವಾನ್ ಶಾಕ್ಯಮುನಿಯ ಬೋಧಿ) ಅಂತ ಹೆಸರನ್ನೂ ಕೆತ್ತಿದ್ದಾರೆ. ಅದರಲ್ಲಿ ಮರ ಇದೆ, ಆಸನ ಇದೆ, ಸುತ್ತ ಕಂಬಗಳ ಮೇಲೆ ನಿಂತ ತೆರೆದ ಮಂಟಪ ಇದೆ. ಶಿಖರದ ಸುಳಿವೇ ಇಲ್ಲ. ನಮ್ಮ ಊರುಗಳಲ್ಲಿ ಅರಳಿಮರಕ್ಕೆ ಕಟ್ಟೆ ಕಟ್ಟುತ್ತೇವೆ, ಅವರು ಬೇಲಿ ಕಟ್ಟಿದರು. ಇಟ್ಟಿಗೆಯ ಎತ್ತರದ ಗುಡಿ ಬಂದಿದ್ದು ಎಷ್ಟೋ ಶತಮಾನದ ಮೇಲೆ, ಸುಮಾರು 5-6ನೇ ಶತಮಾನದಲ್ಲಿ. 7ನೇ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬಂದಾಗ ಈಗಿನ ಆಕಾರ ಹೆಚ್ಚುಕಡಿಮೆ ಬಂದಾಗಿತ್ತು. ನೀಲಿ ಛಾಯೆಯ ಇಟ್ಟಿಗೆ, ಮೇಲೆ ಗಾರೆ, ಗೂಡುಗೂಡಿನಲ್ಲಿ ಚಿನ್ನದ ಮೂರ್ತಿ ಅಂತ ಬರೆದಿದ್ದಾನೆ. 1880ರ ದಶಕದಲ್ಲಿ ಪುರಾತತ್ವ ಇಲಾಖೆಯ ಕನ್ನಿಂಗ್‌ಹ್ಯಾಮ್ ಮತ್ತು ಬೆಗ್ಲರ್ ಪಾಳುಬಿದ್ದಿದ್ದ ಗುಡಿಯನ್ನು ರಿಪೇರಿ ಮಾಡಿಸಿದರು. ಅದಕ್ಕೂ ಮುಂಚೆ ಬರ್ಮಾದ ರಾಜ ಕಳಿಸಿದ ತಂಡ ಕೈಹಾಕಿತ್ತು. ಇವತ್ತು ಕಾಣುವ ಮರ ಕೂಡ ಹಳೆಯದಲ್ಲ. 1876ರಲ್ಲಿ ಹಳೆ ಮರ ಬಿರುಗಾಳಿಗೆ ಬಿದ್ದ ಮೇಲೆ ಕನ್ನಿಂಗ್‌ಹ್ಯಾಮ್ 1881ರಲ್ಲಿ ನೆಡಿಸಿದ ಸಸಿ ಅದು.

ಸರಿ, ಪದಕ್ಕೆ ಬರೋಣ. ನಾನು ಯೋಚಿಸಿದವು ಇವು.

ಸುಮ್ನೆ ‘ಬೇಲಿ’ ಅಂದರೆ ಅರ್ಥ ಸರಿ, ಆದರೆ ಮುಳ್ಳುಬೇಲಿ, ತಂತಿಬೇಲಿ ಕಣ್ಣಿಗೆ ಬರುತ್ತದೆ. ‘ಕಲ್ಲುಬೇಲಿ’ ಅಂದರೆ ಸ್ವಲ್ಪ ವಾಸಿ. ‘ಕಟಕಟೆ’ ರೂಪದಲ್ಲಿ ತುಂಬ ಹತ್ತಿರ. ಆದರೆ ಆ ಪದ ಈಗ ಕೋರ್ಟಿನಿಂದ ಹೊರಗೆ ಬರುವುದೇ ಇಲ್ಲ. ಬೋಧಿವೃಕ್ಷವನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗಾಗುತ್ತದೆ. ‘ಪ್ರಾಕಾರ’ ಅಂದರೆ ಗೋಡೆ, ಒಳಗಿನದು ಹೊರಗೆ ಕಾಣಬಾರದು. ಇಲ್ಲಿ ಕಾಣಬೇಕು. ‘ಕಂಬಿ’ ಕಬ್ಬಿಣದ್ದು. ಉಳಿದಿದ್ದು ‘ಕಟಾಂಜನ’. ಹಳೆ ಮನೆಗಳ ಪಡಸಾಲೆ, ಮಹಡಿಗಳ ಅಂಚಿನ ಮರದ ಅಡ್ಡಕಟ್ಟಿಗೆ ಈ ಮಾತಿದೆ. ಕಂಬ, ಅಡ್ಡಪಟ್ಟಿ, ಮೇಲೊಂದು ಹಿಡಿಕೆ, ಎಲ್ಲ ಕೂಡಿ ಬರುತ್ತದೆ. ನನ್ನ ಮನಸ್ಸು ವಾಲಿರುವುದು ಇದರ ಕಡೆಗೇ. ತಕರಾರು ಒಂದೇ: ಹಳೆಯ ಮನೆ ನೋಡಿದವರಿಗೆ ಗೊತ್ತು, ಉಳಿದವರಿಗೆ ‘ವೇದಿಕೆ’ಯಷ್ಟೇ ಅಪರಿಚಿತ. ತಪ್ಪು ಚಿತ್ರ ಕೊಡುವುದಕ್ಕಿಂತ ಏನೂ ಚಿತ್ರ ಕೊಡದಿರುವುದು ಮೇಲು ಅಂತ ನನ್ನ ಲೆಕ್ಕ.

ಎರಡನೆಯದು ಗುಡಿಯ ಹೆಸರು. ಬೌದ್ಧರು ‘ಮಹಾವಿಹಾರ’ ಅನ್ನುತ್ತಾರೆ. ನನ್ನ ಕರಡು ಓದಿದ ಒಬ್ಬರು, ‘ವಿಹಾರ ಅಂದರೆ ಭಿಕ್ಷುಗಳ ವಸತಿ, ಇದು ಪೂಜೆಯ ಜಾಗ, ದೇವಾಲಯ ಅಂತಲೇ ಹಾಕಿ’ ಅಂದರು. ಇದನ್ನು ನಾನು ಒಪ್ಪುವುದಿಲ್ಲ. ಕನ್ನಡ ನಾಡಿನ ಶಾಸನಗಳೇ ಇದಕ್ಕೆ ಉತ್ತರ ಕೊಡುತ್ತವೆ. ಮಂಗಳೂರಿನ ಕದ್ರಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದ ಬರಹ 968ನೇ ಇಸವಿಯದು. ತುಳುನಾಡಿನ ಅಳುಪ ಅರಸ ಕುಂದವರ್ಮ ಆ ಮೂರ್ತಿಯನ್ನು ‘ಕದಿರಿಕಾ’ ಎಂಬ ವಿಹಾರದಲ್ಲಿ ನಿಲ್ಲಿಸಿದ ಎಂದು ಅದು ಹೇಳುತ್ತದೆ. 1095ರ ಡಂಬಳದ ಶಾಸನದಲ್ಲಿ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರ ಬರುತ್ತದೆ. ಬಳ್ಳಿಗಾವೆಯಲ್ಲಿ 11ನೇ ಶತಮಾನದ ಜಯಂತಿ ಬೌದ್ಧ ವಿಹಾರಕ್ಕೆ ಬೌದ್ಧ ದೇವಿ ತಾರಾಭಗವತಿಯ ಪೂಜೆಗೆಂದು ದತ್ತಿ ಬಿಟ್ಟಿದ್ದಾರೆ. ಅಂದರೆ ನಮ್ಮ ಹಿಂದಿನವರಿಗೆ ವಿಹಾರದಲ್ಲಿ ದೇವರಿರುವುದು, ಪೂಜೆ ನಡೆಯುವುದು ಸಹಜವಾಗಿತ್ತು. ‘ವಸತಿ’ ಹೋಗಿ ‘ಬಸದಿ’ ಆದಮೇಲೆ ಅದು ಜಿನಾಲಯವೇ ಆಯಿತಲ್ಲ, ಹಾಗೇ. ಕಲಬುರಗಿಯಲ್ಲಿ ಇವತ್ತಿಗೂ ಆಟೋದವರಿಗೆ ‘ಬುದ್ಧ ವಿಹಾರ’ ಅಂದರೆ ಸಾಕು, ಯಾರೂ ಅರ್ಥ ಕೇಳುವುದಿಲ್ಲ.

ವಾಯುವಿಹಾರ, ಜಲವಿಹಾರದ ಅರ್ಥ ಅಡ್ಡ ಬರುತ್ತದೆ ಅನ್ನಬಹುದು. ಆ ಅರ್ಥವೂ ಹಳೆಯದೇ. ಅಶೋಕ ತನ್ನ ಎಂಟನೆಯ ಬಂಡೆ ಶಾಸನದಲ್ಲಿ, ಹಿಂದಿನ ರಾಜರು ‘ವಿಹಾರಯಾತ್ರೆ’ಗೆ ಹೋಗುತ್ತಿದ್ದರು, ಬೇಟೆ ಮೋಜು ಮಾಡುತ್ತಿದ್ದರು, ತಾನು ಪಟ್ಟವೇರಿದ ಹತ್ತನೆಯ ವರ್ಷ ‘ಸಂಬೋಧಿ’ಗೆ ಹೋದೆ, ಅಲ್ಲಿಂದ ‘ಧರ್ಮಯಾತ್ರೆ’ ಶುರುವಾಯಿತು ಎನ್ನುತ್ತಾನೆ. ಆ ಸಂಬೋಧಿ ಇದೇ ಬೋಧಗಯೆ. ನಮ್ಮ ತಂಡದವರು ಮಾಡುವುದು ಎರಡರಲ್ಲಿ ಯಾವುದು ಅನ್ನುವುದು ಬೇರೆ ವಿಚಾರ.

ಅಲ್ಲಿನ ಒಂದು ಹಳೆಯ ಶಾಸನ ಈ ಗುಡಿಯನ್ನು ‘ಬೃಹದ್ ಗಂಧಕುಟಿ’, ಅಂದರೆ ಪರಿಮಳದ ದೊಡ್ಡ ಕುಟೀರ, ಅಂತಲೂ ಕರೆದಿದೆ. ಚೆಂದದ ಹೆಸರು. ಆದರೆ ಅದನ್ನು ‘ಗಂಧದ ಗುಡಿ’ ಮಾಡಿದರೆ ಓದುವವರ ತಲೆ ಕಾಡಿನ ಕಡೆ ಹೋಗುತ್ತದೆ. ಬಿಟ್ಟುಬಿಟ್ಟೆ.

ಇನ್ನು ಎರಡು ಸಣ್ಣವು. ನೇರ ಗೆರೆಯಲ್ಲಿ ಮೇಲಕ್ಕೆ ಕಿರಿದಾಗುತ್ತ ಸುಮಾರು 50 ಮೀಟರ್ ಏರುವ ಆ ಭಾಗಕ್ಕೆ ಕೆಲವರು ‘ಗೋಪುರ’ ಎನ್ನುತ್ತಾರೆ. ನಮ್ಮಲ್ಲಿ ಗೋಪುರ ಹೆಬ್ಬಾಗಿಲ ಮೇಲಿನದು. ಇದು ಗರ್ಭಗುಡಿಯ ಮೇಲಿದೆ, ಹಾಗಾಗಿ ‘ಶಿಖರ’ ಎಂದು ಬರೆದಿದ್ದೇನೆ.

ಗುಡಿಯ ಉತ್ತರಕ್ಕೆ ‘ರತ್ನಚಂಕ್ರಮ’ ಇದೆ. ಜ್ಞಾನೋದಯದ ನಂತರ ಬುದ್ಧ ಒಂದು ವಾರ ಅಲ್ಲಿ ಹಿಂದೆಮುಂದೆ ನಡೆಯುತ್ತ ಧ್ಯಾನ ಮಾಡಿದನೆಂಬ ನಂಬಿಕೆ. ಹೆಜ್ಜೆಯ ಗುರುತಿಗೆ ಕಲ್ಲಿನ ತಾವರೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಹೀಗೆ ಅತ್ತಿಂದಿತ್ತ ನಡೆಯುವುದಕ್ಕೆ ನಮ್ಮ ಆಡುಮಾತಿನಲ್ಲಿ ‘ಶತಪಥ ಹಾಕುವುದು’ ಅನ್ನುತ್ತೇವೆ. ಆದರೆ ಶತಪಥ ಹಾಕುವವರು ಆಪರೇಷನ್ ಥಿಯೇಟರಿನ ಹೊರಗೆ ಕಾಯುವವರು, ಸಾಲ ತೀರಿಸಲಾಗದವರು. ಅದರಲ್ಲಿ ತಳಮಳ ಇದೆ. ಬುದ್ಧನಿಗೆ ಅದು ಒಗ್ಗುವುದಿಲ್ಲ. ‘ನಡೆಧ್ಯಾನ’ ಅಂತ ಹಾಕಿದ್ದೇನೆ. ಕಿವಿಗೆ ಹೇಗೆ ಕೇಳುತ್ತದೆ ಹೇಳಿ.

ಹಾಗಾದರೆ ನನ್ನ ಪ್ರಶ್ನೆ: ‘ಕಟಾಂಜನ’ ನಿಮ್ಮ ಕಡೆ ಈಗಲೂ ಬಳಕೆಯಲ್ಲಿದೆಯೇ? ಕರಾವಳಿ, ಮಲೆನಾಡು, ಧಾರವಾಡದ ಕಡೆ ಬೇರೆ ಬೇರೆ ಮಾತಿರಬಹುದು. ಮರಗೆಲಸದವರನ್ನು ಕೇಳಿ ಹೇಳಿದರೆ ಇನ್ನೂ ಒಳ್ಳೆಯದು. ಸೂಚಿ, ಉಷ್ಣೀಷ ಎರಡಕ್ಕೂ ಅವರ ಬಾಯಲ್ಲಿ ಹೆಸರು ಇದ್ದೇ ಇರುತ್ತದೆ. ಏನೂ ಸಿಗದಿದ್ದರೆ ‘ಕಲ್ಲಿನ ಕಟಾಂಜನ, ಎಂದರೆ ಸುತ್ತಲಿನ ಕಲ್ಲುಬೇಲಿ’ ಎಂದು ಎರಡನ್ನೂ ಹಾಕಿ ಅಚ್ಚಿಗೆ ಕೊಡುತ್ತೇನೆ.